ಊರಿನ ಅಂಗಿಗೊಂದು ಜೇಬು

ನನ್ನದೊಂದು ಪ್ಯಾಂಟು ಮೂರು ವಾರದಿಂದ ನಾಳೆಯಣ್ಣನ ಅಂಗಡಿಯಲ್ಲಿ ಸೆರೆಯಲ್ಲಿತ್ತು. ಸೊಂಟವನ್ನು ಒಂದಿಷ್ಟು ಸಡಿಲ ಮಾಡಿಸಬೇಕಿತ್ತು, ಅಷ್ಟೆ. ದಿನಾ ಬೆಳಿಗ್ಗೆ ಹೋಗುವುದು, "ನಾಳೆ ಬನ್ನಿ, ಖಂಡಿತ" ಅನ್ನಿಸಿಕೊಳ್ಳುವುದು, ಹೇಗೂ ಬಂದಾಯಿತಲ್ಲ ಎಂದು ಅಂಗಡಿಯ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತು ಎದ್ದು ಬರುವುದು. ಒಳಚರಂಡಿಯ ಈ ವೃತ್ತಾಂತ ಮೊದಲಿನಿಂದ ಕೊನೆಯವರೆಗೆ ನನಗೆ ಗೊತ್ತಿರುವುದು ಆ ಪ್ಯಾಂಟಿನ ದಯೆಯಿಂದ.

ನಾಳೆಯಣ್ಣ ನಮ್ಮೂರಿನ ಟೈಲರ್. ಆ ಹೆಸರು ಯಾಕೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ. ಮದುವೆಗೆಂದು ಬಟ್ಟೆ ಕೊಟ್ಟವನಿಗೆ ಮೊದಲ ಮಗು ಹುಟ್ಟಿದ ಮೇಲೆ ಅಂಗಿ ತಲುಪಿಸಿದ ಕೀರ್ತಿ ಅವನದು. ಕೈ ಮಾತ್ರ ಬಂಗಾರ. ಅವನು ಹಾಕಿದ ಹೊಲಿಗೆ, ಬಟ್ಟೆ ಹರಿದು ಚಿಂದಿಯಾದರೂ ತಾನು ಬಿಡುವುದಿಲ್ಲ. ಇರುವ ತೊಂದರೆ ಒಂದೇ. ಟೇಪು ಕೊರಳಿಗೆ ಬಿತ್ತೆಂದರೆ, ಈ ಭೂಮಿಯ ಮೇಲೆ ತನ್ನ ಅಳತೆಗೆ ಸಿಗದ ವಸ್ತುವೇ ಇಲ್ಲ ಎಂದು ಅವನಿಗೆ ಅನಿಸತೊಡಗುತ್ತದೆ.

ನಮ್ಮೂರು ಚಿಕ್ಕದು. ಬಸ್ಸಿಳಿದು ದೊಡ್ಡ ರಸ್ತೆ ಹಿಡಿದು ಹೊಳೆಯ ಕಡೆಗೆ ನಡೆದರೆ ಬಲಕ್ಕೆ ಗಿರಣಿ ಓಣಿ, ಎಡಕ್ಕೆ ಬಾವಿ ಓಣಿ, ಊರು ಮುಗಿಯಿತು. ಎರಡೂ ಓಣಿಯ ಬಚ್ಚಲು ನೀರು, ಕಕ್ಕಸಿನ ನೀರು ತೆರೆದ ಚರಂಡಿಯಲ್ಲಿ ಸೇರಿ ಬಾವಿ ಓಣಿಯ ಬೆನ್ನಿಗೆ ಬಂದು ನಿಲ್ಲುತ್ತಿತ್ತು. ಇಳಿಜಾರೇನೂ ಅತ್ತ ಇಲ್ಲ. ಯಾವ ಕಾಲದಲ್ಲೋ ಯಾವನೋ ಮೇಸ್ತ್ರಿ ಚರಂಡಿಯನ್ನು ಅತ್ತ ತಿರುಗಿಸಿದ. ನೀರಿಗೆ ಅದೇ ರೂಢಿಯಾಯಿತು. ಊರಿಗೂ ಆಯಿತು. ನಿಂತ ಕೊಳಚೆ ಇಂಗಿ ಇಂಗಿ ಬಾವಿಗೆ ಇಳಿಯಿತು. ನಾಳೆಯಣ್ಣನ ಮಗಳು, ಆರು ವರ್ಷದ ಕೂಸು, ಒಂದೇ ಮಳೆಗಾಲದಲ್ಲಿ ಎರಡು ಸಲ ಆಸ್ಪತ್ರೆಯಲ್ಲಿ ಕೈಗೆ ಸೂಜಿ ಚುಚ್ಚಿಸಿಕೊಂಡು ಗ್ಲೂಕೋಸ್ ಬಾಟಲಿ ಏರಿಸಿಕೊಂಡು ಬಂತು.

ಎರಡನೆಯ ಸಲ ಬಂದ ದಿನ ನಾಳೆಯಣ್ಣನ ಹೆಂಡತಿ ಅಂಗಡಿಯ ಪರದೆ ಸರಿಸಿ ಈಚೆಗೆ ಬಂದು ನಿಂತಳು. ಮನೆ ಆ ಪರದೆಯ ಹಿಂದೆಯೇ.

"ರೀ, ಪಂಚಾಯಿತಿಗೆ ಒಳಚರಂಡಿ ಬರುತ್ತೆ ಅಂತಿದ್ದಾರಲ್ಲ, ಅದು ಈ ಸಲ ಬರದೆ ಹೋದ್ರೆ ನಾನೂ ಮಗೂನೂ ನಮ್ಮ ಅಮ್ಮನ ಮನೆಗೆ. ನೀವು ಮಷಿನ್ ಕಟ್ಕೊಂಡು ಇಲ್ಲೇ ಇರಿ."

"ಬರುತ್ತೆ ಕಣೇ."

"ಯಾವಾಗ?"

ಜೀವಮಾನದಲ್ಲಿ ಮೊದಲ ಸಲ ನಾಳೆಯಣ್ಣನ ಬಾಯಿಗೆ 'ನಾಳೆ' ಎಂಬ ಮಾತು ಬರಲಿಲ್ಲ.

ಮರುವಾರವೇ ಪಂಚಾಯಿತಿ ಕಾರ್ಯದರ್ಶಿಗಳು ಅಂಗಡಿಗೆ ಬಂದರು. ಅವರು ಹೆದರಿಕೆಯ ಮನುಷ್ಯ. ತಾವೇ ಒತ್ತಿದ ಸೀಲಿನ ಸದ್ದಿಗೆ ತಾವೇ ಬೆಚ್ಚುವವರು. ಅವರದೂ ಒಂದು ಪ್ಯಾಂಟು ಸೆರೆಯಲ್ಲಿತ್ತು. ಆದರೆ ಅದನ್ನು ಕೇಳುವ ಚೈತನ್ಯವೂ ಆ ದಿನ ಅವರಲ್ಲಿರಲಿಲ್ಲ. ನನ್ನ ಪಕ್ಕ ಕುಸಿದು ಕೂತು, ಕಂಕುಳಿನಿಂದ ಒಂದು ಕಾಗದದ ಸುರುಳಿ ತೆಗೆದರು.

"ನೋಡ್ರೀ, ಒಳಚರಂಡಿ ನಕ್ಷೆ. ದಿಂಬಿನ ಕವರಿನಷ್ಟಿದೆ. ನಾಡಿದ್ದು ಊರ ಸಭೆ. ಹಿಂದೆ ಕೂತೋರಿಗೆ ಏನು ಕಾಣುತ್ತೆ? ಕಾಣಲಿಲ್ಲ ಅಂದ್ರೆ ಗಲಾಟೆ. ಗಲಾಟೆ ಆದ್ರೆ ಠರಾವು ಆಗಲ್ಲ. ಅವತ್ತು ಸಂಜೆ ಐದಕ್ಕೆ ಠರಾವು ಮೇಲಿನ ಕಚೇರಿಗೆ ಹೊರಡಲಿಲ್ಲ ಅಂದ್ರೆ ಯೋಜನೆ ಪಕ್ಕದೂರಿಗೆ ಹೋಗುತ್ತೆ. ಆಮೇಲೆ ನಿಮ್ಮೂರವರು ನನ್ನನ್ನ..." ಮುಂದಿನದನ್ನು ಅವರು ಕಲ್ಪಿಸಿಕೊಂಡು ನೀರು ಕೇಳಿದರು.

"ಬರೆದವರ ಹತ್ರಾನೇ ದೊಡ್ಡದು ಮಾಡಿಸಿ" ಅಂದೆ ನಾನು.

"ಬರೆದ ಇಂಜಿನಿಯರಿಗೆ ವರ್ಗ ಆಯ್ತು. ನಾಡಿದ್ದು ಬರೋ ಮೇಡಂ ಹೊಸಬರು. ಊರು ಯಾವ ದಿಕ್ಕಿಗಿದೆ ಅಂತಾನೂ ಗೊತ್ತಿಲ್ಲ ಅವರಿಗೆ."

ಮಷಿನ್ ನಿಂತಿತು. ನಾಳೆಯಣ್ಣ ಕೈ ಚಾಚಿ ನಕ್ಷೆ ತೆಗೆದುಕೊಂಡ. ಕಣ್ಣು ಕಿರಿದು ಮಾಡಿ ನೋಡಿದ. ಮುಖ ಅರಳಿತು.

"ಇದನ್ನ ನಕ್ಷೆ ಅಂತೀರಾ? ಇದು ಅಂಗಿ ಸ್ವಾಮಿ! ಮೇಲೆ ಕಾಲರಿನ ಕಡೆ ಹೊಳೆ. ಕೆಳಗೆ ಅಂಚಿಗೆ ಬಸ್ ನಿಲ್ದಾಣ. ನಡುವೆ ಬಟನ್ ಪಟ್ಟಿ ಹಾಗೆ ದೊಡ್ಡ ರಸ್ತೆ. ಈಚೆಗೊಂದು ತೋಳು, ಆಚೆಗೊಂದು ತೋಳು. ಇಪ್ಪತ್ತು ವರ್ಷದಿಂದ ನಾನು ಹೊಲೀತಿರೋದು ಇದನ್ನೇ ಅಲ್ವಾ? ಬೆಡ್‌ಶೀಟ್ ಅಳತೆಗೆ ಬಟ್ಟೆ ಮೇಲೆ ಮಾಡಿಕೊಡ್ತೀನಿ. ಕುರುಡನೂ ಕೈಯಾಡಿಸಿ ನೋಡಬೇಕು."

"ಯಾವಾಗ ಕೊಡ್ತೀರಿ?" ಕಾರ್ಯದರ್ಶಿಗಳು ಕೇಳಿದರು.

ನಾಳೆಯಣ್ಣ ಬಾಯಿ ತೆರೆದ. ಪರದೆಯ ಹಿಂದಿನಿಂದ ಹೆಂಡತಿಯ ಕೆಮ್ಮು ಕೇಳಿಸಿತು.

"ಇವತ್ತೇ ಶುರು" ಅಂದ.

ಶುರು ಮಾಡಿದ ರೀತಿಯನ್ನು ನಾನು ಕಣ್ಣಾರೆ ಕಂಡೆ. ಮೊದಲನೆಯ ಕೆಲಸವಾಗಿ ಅವನು ಕತ್ತರಿ ತೆಗೆದು ಸರ್ಕಾರದ ನಕ್ಷೆಯನ್ನು ಹನ್ನೊಂದು ಚೂರು ಮಾಡಿದ.

"ಅಯ್ಯೋ ಅಣ್ಣಾ, ಸೀಲಿರೋ ಕಾಗದ ಅದು!"

"ಪೇಪರ್ ಕಟಿಂಗ್ ಇಲ್ದೆ ಬಟ್ಟೆ ಕಟಿಂಗ್ ಆಗುತ್ತೇನ್ರೀ? ತೋಳು ಬೇರೆ, ಬೆನ್ನು ಬೇರೆ, ಕಾಲರ್ ಬೇರೆ. ನಿಮ್ಮ ಸೀಲಿಗೆ ಒಂದು ಗೀರೂ ಬಿದ್ದಿಲ್ಲ ನೋಡಿ, ಸುತ್ತ ಅರ್ಧ ಇಂಚು ಬಿಟ್ಟಿದ್ದೀನಿ."

ಆಮೇಲೆ ಬಿಳಿ ಬಟ್ಟೆಯೊಂದನ್ನು ಮೇಜಿನ ಮೇಲೆ ಉಲ್ಟಾ ಹಾಸಿದ. ಇದು ಟೈಲರುಗಳ ಪದ್ಧತಿ. ಚಾಕಿನ ಗೆರೆ ಮೇಲುಮುಖಕ್ಕೆ ಕಾಣಬಾರದೆಂದು ಗುರುತನ್ನು ಯಾವಾಗಲೂ ಬಟ್ಟೆಯ ಒಳಮುಖದ ಮೇಲೆ ಹಾಕುತ್ತಾರೆ. ಕೂಸಿನ ಅಂಗಿಯ ಅಳತೆಯಿಂದ ಅಪ್ಪನ ಅಂಗಿ ತೆಗೆಯುವವನಿಗೆ ಒಂದಕ್ಕೆ ನಾಲ್ಕು ಮಾಡುವುದು ದೊಡ್ಡ ಮಾತೇ? ನಕ್ಷೆಯಲ್ಲಿ ಎಡಕ್ಕಿದ್ದುದನ್ನು ಎಡಕ್ಕೆ, ಬಲಕ್ಕಿದ್ದುದನ್ನು ಬಲಕ್ಕೆ, ಕೂದಲೆಳೆಯಷ್ಟೂ ತಪ್ಪದೆ ಗೆರೆ ಹಾಕಿದ. ಬಟ್ಟೆಯನ್ನು ಮಗುಚಿದ. ತೆಳ್ಳಗೆ ಕಾಣುತ್ತಿದ್ದ ಗೆರೆ ಹಿಡಿದು ಮೇಲುಮುಖದ ಮೇಲೆ ಹೊಲಿಗೆ ಹೊಡೆದ. ಮಗುಚಿದಾಗ ಎಡ ಬಲಕ್ಕೆ ಹೋಗುತ್ತದೆ, ಬಲ ಎಡಕ್ಕೆ ಬರುತ್ತದೆ. ಅಂಗಿಯ ಎರಡು ತೋಳೂ ಒಂದೇ ಆದ್ದರಿಂದ ಯಾವ ಟೈಲರಿಗೂ ಇದರಿಂದ ಈವರೆಗೆ ನಷ್ಟವಾಗಿಲ್ಲ. ಆದರೆ ಊರಿನ ಎರಡು ತೋಳು ಒಂದೇ ಅಲ್ಲ. ಈ ಸತ್ಯ ಆ ಹೊತ್ತಿನಲ್ಲಿ ಅವನಿಗೂ ಹೊಳೆಯಲಿಲ್ಲ, ಬಾಯಿ ತೆರೆದು ನೋಡುತ್ತ ಕೂತ ನನಗೂ ಹೊಳೆಯಲಿಲ್ಲ.

ಕೆಲಸವೋ, ಕಣ್ಣಿಗೆ ಹಬ್ಬ. ದೊಡ್ಡ ರಸ್ತೆಯ ಅಡಿಯ ಮುಖ್ಯ ಪೈಪಿಗೆ ಜಿಪ್ಪು ಇಟ್ಟ. ಎಳೆದರೆ ತೆರೆಯುತ್ತದೆ, ಎಳೆದರೆ ಮುಚ್ಚುತ್ತದೆ. ಮನೆ ಮನೆಯ ಪೈಪಿಗೆ ಕಂದು ದಾರ. ಪೈಪುಗಳು ಕೂಡುವ ಚೇಂಬರ್ ಇರುವಲ್ಲೆಲ್ಲ ಕೋಟಿನ ಬಟನ್. ಕೊನೆಗೆ, ಎಲ್ಲ ಕೊಳಚೆ ಹೋಗಿ ಸೇರುವ ತೊಟ್ಟಿಗೆ ಸಾಸಿವೆ ಬಣ್ಣದ ಒಂದು ಜೇಬು. ಜೇಬು ಅಂಗಿಯ ಎದೆಯ ಮೇಲೆ ಯಾವ ಕಡೆ ಇರಬೇಕೋ ಸರಿಯಾಗಿ ಅಲ್ಲೇ ಬಂದಿತ್ತು. ಅದನ್ನು ಕಂಡ ಟೈಲರಿನ ಕಣ್ಣು ಇನ್ನೇನು ತಪ್ಪು ಹುಡುಕೀತು?

"ಓಣಿ ಹೆಸರು ಬರೆಯಲ್ವಾ?" ಕೇಳಿದೆ.

"ಅಂಗಿ ಮೇಲೆ ಇದು ಬಲತೋಳು, ಇದು ಎಡತೋಳು ಅಂತ ಬರೀತಾರೇನ್ರೀ? ಹಾಕ್ಕೊಂಡೋನಿಗೆ ಗೊತ್ತಾಗುತ್ತೆ."

ಸಭೆಯ ದಿನ ನಾಲ್ಕು ಗಂಟೆಗೆ ಪಂಚಾಯಿತಿ ಕಚೇರಿ ತುಂಬಿ ಹೋಗಿತ್ತು. ಅದರ ಹಾಲಿಗೆ ಮುಂದೆ ಗೋಡೆಯಿಲ್ಲ, ಎರಡು ಕಂಬ ಅಷ್ಟೆ. ಕಂಬದಾಚೆ ಅಂಗಳ. ಗಿರಣಿ ಓಣಿಯವರು ಊಟ ಮುಗಿಸಿದವರೇ ಬಂದು ಒಳಗಿನ ಕುರ್ಚಿಗಳನ್ನೆಲ್ಲ ಹಿಡಿದಿದ್ದರು. ಬಾವಿ ಓಣಿಯವರು ನೀರು ಹೊತ್ತು ಮುಗಿಸಿ ಬರುವ ಹೊತ್ತಿಗೆ ಉಳಿದಿದ್ದುದು ಅಂಗಳದ ಬಿಸಿಲು.

ಕಾಂಪೌಂಡಿನ ಆಚೆ, ಮರದ ನೆರಳಲ್ಲಿ ಮೋಟರ್ ಬೈಕಿನ ಮೇಲೆ ಪಕ್ಕದೂರಿನ ಅಧ್ಯಕ್ಷರು ಕೂತು ಕಡಲೆಕಾಯಿ ಬಿಡಿಸುತ್ತಿದ್ದರು.

"ಏನ್ ಸಾರ್ ಈ ಕಡೆ?" ಕಾರ್ಯದರ್ಶಿಗಳು ಕೇಳಿದರು.

"ಏನಿಲ್ಲ, ಸುಮ್ನೆ. ಐದು ಗಂಟೆವರೆಗೆ ಇರ್ತೀನಿ ಅಷ್ಟೆ."

ಕಾರ್ಯದರ್ಶಿಗಳು ಒಳಗೆ ಓಡಿ ಗಡಿಯಾರ ನೋಡಿದರು.

ಮೇಡಂ ಬಂದರು. ಮೂಗಿಗೆ ಕರವಸ್ತ್ರ ಹಿಡಿದೇ ಜೀಪಿಳಿದರು. ಕೈಗಡಿಯಾರ ಬಿಚ್ಚಿ ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟರು. "ಐದಕ್ಕೆ ಅಧ್ಯಕ್ಷರ ಸಹಿ ಆಗಿರಬೇಕು. ಐದಾಗಿ ಒಂದು ನಿಮಿಷ ಅಂದ್ರೂ ನನ್ನ ಕೈಲಿ ಆಗಲ್ಲ."

ಅಧ್ಯಕ್ಷರೆಂದರೆ ಹಿಟ್ಟಿನ ಗಿರಣಿಯ ಯಜಮಾನರು, ನಾಳೆಯಣ್ಣನ ಅಕ್ಕನ ಗಂಡ. ಅವನಿಗೆ ಭಾವನಾದ್ದರಿಂದ ಊರಿಗೆಲ್ಲ ಭಾವ. ಗಿರಣಿ ಓಣಿಯ ಕೊನೆಯ ಮನೆ ಅವರದು, ಅದರಾಚೆ ಗಿರಣಿ. ಅಂಗಳದ ಕಡೆ ತಿರುಗಿ ಭಾಷಣ ಮಾಡಿದರು.

"ನೋಡ್ರಪ್ಪಾ, ಊರು ಅಂದಮೇಲೆ ಕೊಳಚೆ ಎಲ್ಲೋ ಒಂದು ಕಡೆ ಹೋಗ್ಲೇಬೇಕು. ಒಳ್ಳೇ ಕೆಲಸಕ್ಕೆ ಯಾರೋ ಒಬ್ರು ತ್ಯಾಗ ಮಾಡ್ಬೇಕು. ಸ್ವಲ್ಪ ವಾಸನೆ ಬಂದ್ರೆ ಮೂಗೇನು ಉದುರಿ ಹೋಗಲ್ಲ."

"ತೊಟ್ಟಿ ತೆರೆದದ್ದೋ, ಮುಚ್ಚಿದ್ದೋ ಅಂತ ಠರಾವಲ್ಲಿ ಬರೀಬೇಕು" ಅಂದರು ಮೇಡಂ.

"ತೆರೆದದ್ದೇ ಇರಲಿ ಮೇಡಂ. ಗಾಳಿ ಆಡುತ್ತೆ. ಆರೋಗ್ಯ."

ಕಾರ್ಯದರ್ಶಿಗಳು 'ತೆರೆದ' ಎಂದು ಬರೆದುಕೊಂಡರು. "ನಕ್ಷೆ ಬಿಡಿ!" ಅಂದರು.

ನಾಳೆಯಣ್ಣ ಎರಡು ದಿನದಿಂದ ತೊಟ್ಟಿದ್ದ ಅಂಗಿಯಲ್ಲೇ, ಕೊರಳಿಗೆ ಹೊಸ ಟೇಪು ಹಾಕಿಕೊಂಡು, ಎರಡು ಕಂಬದ ನಡುವೆ ಕಟ್ಟಿದ್ದ ಸುರುಳಿಯ ದಾರ ಎಳೆದ. ಊರು ಬಿಚ್ಚಿಕೊಂಡು ಇಳಿಯಿತು. ಹಾಲಿನಲ್ಲಿ ಚಪ್ಪಾಳೆ. ಅಂಗಳದ ಬಿಸಿಲು ಬಟ್ಟೆಯನ್ನು ಹಾಯ್ದು ಬರುತ್ತಿದ್ದುದರಿಂದ ಪ್ರತಿಯೊಂದು ಹೊಲಿಗೆಯೂ ಎರಡೂ ಕಡೆ ಎದ್ದು ಕಾಣುತ್ತಿತ್ತು. ಮೇಡಂ ಕೂಡ ಕರವಸ್ತ್ರ ಇಳಿಸಿದರು. "ಭೇಷ್! ಯಾರು ಮಾಡಿದ್ದು?"

ನಾಳೆಯಣ್ಣ ನೆಲ ನೋಡಿದ. ಆ ಒಂದು ನಿಮಿಷ ಅವನ ಜೀವನದ ಅತ್ಯಂತ ಎತ್ತರದ ನಿಮಿಷ. ಅದು ಒಂದೇ ನಿಮಿಷ ಇತ್ತು.

"ಬಸ್ಸಿಳಿದು ಹಾಗೇ ಮೇಲಕ್ಕೆ ಬನ್ನಿ," ಕಾರ್ಯದರ್ಶಿಗಳು ಕೋಲು ಹಿಡಿದು ವಿವರಿಸಿದರು. "ಬಲಕ್ಕೆ ಗಿರಣಿ ಓಣಿ. ಒಂದು, ಎರಡು, ಮೂರು... ಇದು ಮೇಷ್ಟ್ರ ಮನೆ. ಇದು ಅಧ್ಯಕ್ಷರ ಮನೆ. ಇದು..." ಕೋಲು ಸಾಸಿವೆ ಬಣ್ಣದ ಜೇಬಿನ ಮೇಲೆ ನಿಂತುಬಿಟ್ಟಿತು. ಅವರು ಮೂಲ ನಕ್ಷೆಯಲ್ಲಿ ಸರಿಯಾಗಿ ನೋಡಿದ್ದುದು ಸೀಲನ್ನು ಮಾತ್ರ.

ಹಾಲಿನಲ್ಲಿ ಒಂದು ಕುರ್ಚಿ ಬಿತ್ತು.

"ಏನದು?" ಅಂದರು ಭಾವ.

"ತೊಟ್ಟಿ... ಇರಬೇಕು... ಸಾರ್."

"ನನ್ನ ಗಿರಣಿ ಪಕ್ಕದಲ್ಲಿ? ಹಿಟ್ಟಿಗೆ ವಾಸನೆ ಹಿಡಿಯಲ್ವೇನ್ರೀ? ಊರೆಲ್ಲ ಏನು ತಿನ್ಬೇಕು? ಯಾವನ್ರೀ ಇದನ್ನ..." ಭಾವ ಎದ್ದು ಹತ್ತಿರ ಬಂದರು. ಜೇಬನ್ನು ಬೆರಳಿನಲ್ಲಿ ಮುಟ್ಟಿದರು. ಉಜ್ಜಿದರು. ಮುಖ ಕೆಂಪಾಯಿತು. "ಇದು ನನ್ನ ಶರ್ಟಿನ ಬಟ್ಟೆ!"

ಕುರ್ಚಿಗಳಲ್ಲಿದ್ದವರೆಲ್ಲ ಕತ್ತು ಚಾಚಿದರು.

"ಎರಡು ತಿಂಗಳ ಹಿಂದೆ ಕೊಟ್ಟಿದ್ದು. 'ಭಾವ, ಬಟ್ಟೆ ಸಾಲಲ್ಲ' ಅಂದೆಯಲ್ಲೋ! ನನ್ನ ಮನೆ ಪಕ್ಕ ಕೊಳಚೆ ತೊಟ್ಟಿ ಇಡೋದಲ್ದೆ ಅದನ್ನ ನನ್ನ ಬಟ್ಟೇಲೇ ಹೊಲಿದಿದ್ದೀಯಾ? ಅಕ್ಕನ ಗಂಡ ಅನ್ನೋ ಮರ್ಯಾದೆ ಬೇಡ್ವಾ?"

"ಭಾವ, ಅದು ಮಿಕ್ಕಿದ ಚೂರು..."

"ಮಿಕ್ಕಿತ್ತಾ! ಹಾಗಾದ್ರೆ ಸಾಲುತ್ತಿತ್ತು!"

ಇಷ್ಟರಲ್ಲಿ ಬಟ್ಟೆಯ ಆಚೆಯಿಂದ, ಅಂಗಳದಿಂದ, ಬೇರೆಯೇ ಒಂದು ಗದ್ದಲ ಎದ್ದಿತು. ಅಲ್ಲಿದ್ದವರಿಗೆ ಕಾಣುತ್ತಿದ್ದುದು ಬಟ್ಟೆಯ ಒಳಮುಖ. ಅವರೂ ನಕ್ಷೆಯ ಮೇಲೆ ಕಣ್ಣಲ್ಲೇ ಬಸ್ಸಿಳಿದು ಮೇಲಕ್ಕೆ ಬಂದಿದ್ದರು. ಅವರಿಗೆ ಜೇಬು ಕಂಡದ್ದು ಎಡಕ್ಕೆ.

"ಮತ್ತೆ ನಮ್ಮ ಬೆನ್ನಿಗೇ ಇಟ್ರಲ್ಲಪ್ಪಾ!" ಅಂತ ಒಬ್ಬ ಮುದುಕಿ. "ಬಾವಿ ಓಣಿ ಬಿಟ್ರೆ ನಿಮಗೆ ಬೇರೆ ಜಾಗ ಗೊತ್ತೇ ಇಲ್ವಾ?"

"ಏನ್ ನಾಟಕ ಆಡ್ತೀರಿ?" ಭಾವ ಒಳಗಿನಿಂದ ಕೂಗಿದರು. "ತೊಟ್ಟಿ ಬಂದಿರೋದು ನಮ್ಮ ಕಡೆ!"

"ಅಯ್ಯೋ, ಗಾಯದ ಮೇಲೆ ಉಪ್ಪು ಬೇರೆ! ಕಣ್ಣಿಗೆ ಕಾಣ್ತಾ ಇದೆ, ನಮ್ಮ ಕಡೆ!"

"ನಮ್ಮ ಕಡೆ!"

"ನಮ್ಮ ಕಡೆ!"

ಈ ಜಗತ್ತಿನಲ್ಲಿ ಒಂದು ಕೊಳಚೆ ತೊಟ್ಟಿ ತಮ್ಮದೆಂದು ಎರಡು ಓಣಿಗಳು ಹೀಗೆ ಗಂಟಲು ಹರಿದುಕೊಂಡದ್ದು ಬಹುಶಃ ಅದೇ ಮೊದಲು. ಮರದಡಿ ಪಕ್ಕದೂರಿನ ಅಧ್ಯಕ್ಷರು ಕಡಲೆಕಾಯಿ ಸಿಪ್ಪೆ ಕೊಡವಿ ನೆಟ್ಟಗೆ ಕೂತರು.

"ತೊಟ್ಟಿ ಒಂದೋ ಎರಡೋ?" ಮೇಡಂ ಮೇಜು ಕುಟ್ಟಿದರು.

"ಒಂದೇ ಮೇಡಂ."

"ಮೂಲ ನಕ್ಷೆ ಕೊಡಿ. ನೋಡೇ ಬಿಡೋಣ."

ಕಾರ್ಯದರ್ಶಿಗಳು ನಾಳೆಯಣ್ಣನನ್ನು ನೋಡಿದರು. ನಾಳೆಯಣ್ಣ ನನ್ನನ್ನು ನೋಡಿದ. ನಾನು ಗಡಿಯಾರ ನೋಡಿದೆ. ನಾಲ್ಕು ಇಪ್ಪತ್ತೈದು.

"ಇದೆ ಮೇಡಂ, ಅಂಗಡೀಲಿ" ಅಂದ ನಾಳೆಯಣ್ಣ, ಬೆವರು ಒರೆಸಿಕೊಂಡು. "ಸ್ವಲ್ಪ... ಬಿಡಿಬಿಡಿಯಾಗಿದೆ."

"ಓಡಿ!"

ಬಟ್ಟೆಯ ಅಂಚು ಎತ್ತಿ ಅಂಗಳಕ್ಕೆ ನುಸುಳಿದ. ದಾರಿ ಮಾಡಿಸಲು ನಾನೂ ಹಿಂದೆಯೇ ಹೋದೆ. ನಾಲ್ಕು ಹೆಜ್ಜೆ ಓಡಿ, ತನ್ನ ಕೆಲಸ ದೂರದಿಂದ ಹೇಗೆ ಕಾಣುತ್ತದೋ ಎಂಬ ಟೈಲರಿನ ಚಾಳಿಯಿಂದ, ಒಮ್ಮೆ ಹಿಂತಿರುಗಿ ನೋಡಿದ. ಅಲ್ಲೇ ಕಲ್ಲಾದ. ಒಳಮುಖದ ಮೇಲೆ ಅವನದೇ ಚಾಕಿನ ಗೆರೆ. ನಕ್ಷೆಯಲ್ಲಿದ್ದ ಹಾಗೆಯೇ. ತೊಟ್ಟಿ ಎಡಕ್ಕೆ.

"ಅಯ್ಯಯ್ಯೋ," ಅಂದ. "ಊರನ್ನೇ ಉಲ್ಟಾ ಹೊಲಿದುಬಿಟ್ಟೆ."

"ನನಗೆ ಆಗ್ಲೇ ಗೊತ್ತಾಯ್ತು" ಅಂತ ಪಕ್ಕದಿಂದ ದನಿ. ಹೆಂಡತಿ, ಸೊಂಟದ ಮೇಲೆ ಮಗು. "ಅಂಚು ಎತ್ತಿ ಆ ಕಡೆ ಇಣುಕಿದೆ, ಈ ಕಡೆ ನೋಡಿದೆ. ಇಪ್ಪತ್ತು ವರ್ಷ ನಿಮ್ಮ ಬಟ್ಟೆಗೆ ಬಟನ್ ಕಾಜಾ ತೆಗೆದಿದ್ದೀನಿ, ನನಗೆ ಗೊತ್ತಾಗಲ್ವಾ?"

"ಹೋಗಿ ಹೇಳಿಬಿಡ್ತೀನಿ ಕಣೇ. ತಪ್ಪಾಯ್ತು ಅಂತ ಕೈ ಮುಗೀತೀನಿ."

"ನಿಲ್ಲಿ." ಅವಳು ಒಳಗಿನ ಗದ್ದಲಕ್ಕೆ ಕಿವಿ ಕೊಟ್ಟಳು. ಭಾವನವರ ದನಿ ಕೇಳುತ್ತಿತ್ತು: "ಮುಚ್ಚಳ ಇಲ್ದೆ ಒಂದು ಕಲ್ಲು ಇಡೋಕೆ ಬಿಡಲ್ಲ!" ಅವಳ ಮುಖದಲ್ಲಿ ನಿಧಾನವಾಗಿ ಏನೋ ಬೆಳಗಿತು. "ಆ ಚೂರು ತರೋಕೆ ಎಷ್ಟು ಹೊತ್ತು ಬೇಕು?"

"ಓಡಿದ್ರೆ ಎರಡು ನಿಮಿಷ."

"ಅರ್ಧ ಗಂಟೆ ತಗೊಳ್ಳಿ."

"ಆಂ?"

"ಜನ್ಮಪೂರ್ತಿ ಎಲ್ಲರಿಗೂ ತಡ ಮಾಡಿದ್ದೀರಿ. ಇವತ್ತೊಂದು ದಿನ ಮಗಳಿಗೋಸ್ಕರ ತಡ ಮಾಡಿ. ಇದೊಂದೇ ಕೆಲಸ ನಿಮಗೆ ಪೂರ್ತಿ ಬರೋದು."

ಮಗುವನ್ನು ಅವನ ತೋಳಿಗೆ ಕೊಟ್ಟು, ಸೆರಗು ಸಿಕ್ಕಿಸಿ, ಅಂಚು ಎತ್ತಿ ಒಳಗೆ ನಡೆದಳು. ನಾನು ಅವಳ ಹಿಂದೆ. ನಾಳೆಯಣ್ಣ ಮಗಳನ್ನು ಎತ್ತಿಕೊಂಡು ಅಂಗಡಿಯ ಕಡೆಗೆ, ಓಡಬೇಕೋ ನಡೆಯಬೇಕೋ ತಿಳಿಯದೆ, ಒಂದು ಕಾಲಲ್ಲಿ ಓಡುತ್ತ ಒಂದು ಕಾಲಲ್ಲಿ ನಡೆಯುತ್ತ ಹೋದ.

ಒಳಗೆ ಮೇಡಂ ಸುಸ್ತಾಗಿದ್ದರು. "ನೋಡಿ, ಇಂಜಿನಿಯರ್ ನೋಡಿಟ್ಟ ಜಾಗ ಬದಲಾಯಿಸೋಕೆ ಈಗ ಆಗಲ್ಲ. ಹೇಗಿರಬೇಕು ಅಂತ ಷರತ್ತು ಬೇಕಾದ್ರೆ ಬರೆಸಿ. ಬೇಡ ಅಂದ್ರೆ ಬೇಡ. ಅಲ್ಲಿ ಮರದಡಿ ಒಬ್ರು ಕಾಯ್ತಿದ್ದಾರೆ."

ನಿವೃತ್ತ ಮೇಷ್ಟ್ರು ಎದ್ದು ನಿಂತರು. ಅವರದೂ ಗಿರಣಿ ಓಣಿ. ಹತ್ತು ವರ್ಷದಿಂದ ಅವರಿಗೆ ಏನನ್ನಾದರೂ ಹೇಳಿ ಬರೆಸುವ ಅವಕಾಶ ಸಿಕ್ಕಿರಲಿಲ್ಲ.

"ಬರೆಯಿರಿ ಕಾರ್ಯದರ್ಶಿಗಳೇ. ಇದು ಮನುಷ್ಯರು ವಾಸ ಮಾಡುವ ಜಾಗ. ಪೂರ್ಣವಿರಾಮ. ಆದ್ದರಿಂದ ತೊಟ್ಟಿಗೆ ಗಟ್ಟಿಯಾದ ಮುಚ್ಚಳ ಇರತಕ್ಕದ್ದು."

"'ತೆರೆದ' ಅಂತ ಬರೆದಾಗಿದೆ ಸಾರ್..."

"ಹೊಡೆದು ಹಾಕ್ರೀ!" ಭಾವ ಗುಡುಗಿದರು. "ಸುತ್ತ ಗೋಡೆ. ಆಳೆತ್ತರ!"

"ಕೊನೆಯ ಮನೆಯಿಂದ ನೂರು ಹೆಜ್ಜೆ ದೂರ."

"ನನ್ನ ಹೆಜ್ಜೆ ಬರೀರಿ, ಮೇಷ್ಟ್ರ ಹೆಜ್ಜೆ ಬೇಡ, ಅವರು ಮುದುಕರು!"

"ಎರಡು ಸಾಲು ಮರ."

"ಹಗಲೂ ರಾತ್ರಿ ಒಬ್ಬ ಕಾವಲುಗಾರ!"

ಒಂದೊಂದು ಷರತ್ತು ಬಿದ್ದಾಗಲೂ ಬಟ್ಟೆಯಾಚೆಯಿಂದ ಬಾವಿ ಓಣಿ ಕೂಗುತ್ತಿತ್ತು: "ನಮಗೂ ಅದೇ! ಅಷ್ಟಾದ್ರೆ ನಾವೂ ಒಪ್ತೀವಿ!" ಒಳಗಿನವರಿಗೆ ಇದು ಅಣಕದಂತೆ ಕೇಳಿ, ಅವರು ಇನ್ನೂ ರೊಚ್ಚಿಗೆದ್ದು ಇನ್ನೊಂದು ಷರತ್ತು ಎಸೆಯುತ್ತಿದ್ದರು. ಕಾರ್ಯದರ್ಶಿಗಳ ಪೆನ್ನು ಬಿಸಿಯಾಗಿತ್ತು. ನಾಲ್ಕು ನಲವತ್ತು.

ನಾಳೆಯಣ್ಣನ ಹೆಂಡತಿ ಮೆತ್ತಗೆ ಬಾಯಿ ಹಾಕಿದಳು. "ಅಣ್ಣಾ, ಆ ಹಳೇ ತೆರೆದ ಚರಂಡಿ? ಅದು ಹಾಗೇ ಇದ್ರೆ ತೊಟ್ಟಿಗೆ ಮುಚ್ಚಳ ಹಾಕಿ ಏನು ಸಿಕ್ತು?"

"ಅದನ್ನೂ ಮುಚ್ಚತಕ್ಕದ್ದು! ಬರೀರಿ!" ಭಾವ ಅಂದರು. "ನೋಡ್ರೋ, ಹೆಣ್ಣುಮಗಳಿಗಿರೋ ಬುದ್ಧಿ ನಿಮಗಿಲ್ಲ."

"ಬಾವಿ ನೀರು ತಿಂಗಳಿಗೊಂದು ಸಲ ಪರೀಕ್ಷೆ?" ಅಂದಳು ಅವಳು.

"ಬರೀರಿ!"

ಕಾರ್ಯದರ್ಶಿಗಳು ಓದಿದರು: "ಗಿರಣಿ ಓಣಿಯ ತೊಟ್ಟಿಗೆ ಮುಚ್ಚಳ..."

"ಅಯ್ಯೋ ಅಣ್ಣಾ," ಅಂದಳು ಅವಳು, ದನಿ ತಗ್ಗಿಸಿ. "ಸರ್ಕಾರದ ಕಾಗದದಲ್ಲಿ 'ಗಿರಣಿ ಓಣಿಯ ತೊಟ್ಟಿ' ಅಂತ ಯಾಕೆ? ನಾಳೆ ಲೋಕವೆಲ್ಲ ಹಾಗೇ ಕರೆಯುತ್ತೆ. ಬರೀ 'ತೊಟ್ಟಿ' ಅಂತ ಇರಲಿ."

ಗಿರಣಿ ಓಣಿ ಒಟ್ಟಾಗಿ ನಡುಗಿತು. "ಹೌದು ಹೌದು! ನಮ್ಮ ಹೆಸರು ತೆಗೀರಿ!"

ಓಣಿಯ ಹೆಸರು ಹೋಯಿತು. ನಾಲ್ಕು ಐವತ್ತು. ಒಳಗೂ ಹೊರಗೂ ಕೈಗಳು ಮೇಲೆದ್ದವು. ಮೇಡಂ ಎಣಿಸಿ ತಲೆಯಾಡಿಸಿದರು. ಉಳಿದದ್ದು ಸಹಿ. ಕಾಗದ ಭಾವನವರ ಮುಂದೆ ಬಂತು. ಭಾವ ಪೆನ್ನಿನ ಟೋಪಿ ತೆಗೆದರು. ಜೇಬನ್ನು ನೋಡಿದರು. ಪೆನ್ನಿನ ಟೋಪಿ ಹಾಕಿದರು.

"ಅವನು ಬರಲಿ. ನನ್ನ ಬಟ್ಟೆ ಯಾಕೆ ಕತ್ತರಿಸಿದ ಅಂತ ಮೊದಲು ಹೇಳಲಿ. ಆಮೇಲೆ ಸಹಿ."

ನಾಲ್ಕು ಐವತ್ತೆರಡು. ಅವನು ಬಂದರೆ ಚೂರುಗಳು ಬರುತ್ತವೆ. ಚೂರುಗಳು ಬಂದರೆ ಸಹಿ ಬರುವುದಿಲ್ಲ. ಈ ಲೆಕ್ಕ ಗೊತ್ತಿದ್ದವರು ಆ ಸಭೆಯಲ್ಲಿ ಇಬ್ಬರೇ, ಅವಳು ಮತ್ತು ನಾನು. ಅವಳ ಕೈ ಬೆರಳುಗಳು ಸೆರಗಿನ ಅಂಚನ್ನು ಹೊಲಿಯುವ ಹಾಗೆ ಹಿಡಿದು ಹಿಡಿದು ಬಿಡುತ್ತಿದ್ದವು. ಹೊರಗೆ ಬೈಕು ಶುರುವಾದ ಸದ್ದು.

"ಅಣ್ಣಾ," ಅಂದಳು. "ಅವರು ಬರ್ತೀನಿ ಅಂದ್ರೆ ಯಾವತ್ತು ಬಂದಿದ್ದಾರೆ? ನಿಮ್ಮ ಶರ್ಟೇ ಎರಡು ತಿಂಗಳಾಯ್ತು. ಅವರನ್ನ ನಂಬಿ ಕೂತ್ರೆ ಮುಚ್ಚಳ ಹೋಗುತ್ತೆ, ಗೋಡೆ ಹೋಗುತ್ತೆ. ನಾಳೆ ಇನ್ಯಾರೋ ಬಂದು ತೆರೆದ ತೊಟ್ಟಿ ತೋಡಿದ್ರೆ ಹಿಟ್ಟಿನ ಗತಿ?"

ಹಿಟ್ಟು ಗೆದ್ದಿತು. ಭಾವ ಹಲ್ಲು ಕಡಿಯುತ್ತ ಸಹಿ ಹಾಕಿದರು. ಕಾರ್ಯದರ್ಶಿಗಳು ಸೀಲು ಒತ್ತಿದರು, ಬೆಚ್ಚಿದರು. ಮೇಡಂ ಕಾಗದವನ್ನು ಬ್ಯಾಗಿಗೆ ಹಾಕಿ ಗಡಿಯಾರ ಕೈಗೆ ಕಟ್ಟಿಕೊಂಡರು. ನಾಲ್ಕು ಐವತ್ತಾರು.

ಆಗ ಬಟ್ಟೆಯ ಅಡಿಯಿಂದ ನಾಳೆಯಣ್ಣ ಬಂದ. ಒಂದು ತೋಳಲ್ಲಿ ಮಗು, ಒಂದು ಕೈಯಲ್ಲಿ ಚೀಲ. ದೂಳು ಮೆತ್ತಿಕೊಂಡಿದ್ದ. ತಡ ಮಾಡುವುದಕ್ಕೆ ಅಷ್ಟು ಶ್ರಮಪಟ್ಟ ಮನುಷ್ಯನನ್ನು ನಾನು ಕಂಡಿಲ್ಲ. ಊರನ್ನು ಎರಡು ಸುತ್ತು ಹಾಕಿ ಬಂದಿದ್ದನಂತೆ.

ಚೀಲವನ್ನು ಮೇಜಿನ ಮೇಲೆ ಸುರಿದ. ಮೇಡಂ ಒಂದು ಚೂರನ್ನು ಎತ್ತಿ ತಿರುಗಿಸಿ ನೋಡಿದರು.

"ಇದು... ಇಲಾಖೆಯ ನಕ್ಷೆಯಾ?"

"ಹೊಲಿದು ಕೊಡ್ತೀನಿ ಮೇಡಂ. ನಾ..." ಹೆಂಡತಿಯನ್ನು ನೋಡಿ ಮಾತು ನುಂಗಿದ.

ಮೇಷ್ಟ್ರು ಚೂರು ಜೋಡಿಸಿದರು. ಕಾಲರ್, ಬೆನ್ನು, ತೋಳು. ಹತ್ತೇ ಇದ್ದವು. ತೊಟ್ಟಿ ಇದ್ದ ಚೂರೇ ಇಲ್ಲ.

"ಎಲ್ಲಿ ಮುಚ್ಚಿಟ್ಟೆ?" ಭಾವ ಅಬ್ಬರಿಸಿದರು.

ನಾಳೆಯಣ್ಣ ಜೇಬು ತಡಕಿದ, ಚೀಲ ಕೊಡವಿದ. ಮಗು ಅಪ್ಪನ ಬೆನ್ನ ಮೇಲಿನಿಂದ ಏನನ್ನೋ ಕಿತ್ತು ಕೊಟ್ಟಿತು. ಹೊಲಿಯುವಾಗ ಕಳೆಯಬಾರದೆಂದು ಕಾಲರಿಗೆ ಪಿನ್ನು ಚುಚ್ಚಿ ಸಿಕ್ಕಿಸಿಕೊಂಡವನು ಎರಡು ದಿನದಿಂದ ಅದನ್ನು ಹೊತ್ತುಕೊಂಡೇ ತಿರುಗಿದ್ದ. ಮೇಷ್ಟ್ರು ಅದನ್ನು ಮೇಜಿನ ಮೇಲೆ ಸರಿಸಿದರು. ಬಲಕ್ಕೆ ಕೂರಲಿಲ್ಲ. ಎಡಕ್ಕೆ ಅಂಟಿಸಿದ ಹಾಗೆ ಕೂತಿತು.

ಬಾವಿ ಓಣಿ.

"ತಪ್ಪಾಯ್ತು," ಅಂದ ನಾಳೆಯಣ್ಣ. "ಬಟ್ಟೆ ಒಳಮುಖಕ್ಕೆ ಗುರುತು ಹಾಕಿದ್ದೆ. ಮಗುಚಿದಾಗ ಊರೂ ಮಗುಚಿಕೊಂಡಿತು."

ಕುರ್ಚಿಗಳೆಲ್ಲ ಭಾವನವರ ಕಡೆ ತಿರುಗಿದವು. ಅವರ ಬಾಯಿಂದ ಒಂದು ಮಾತು, ತಡೆಯುವ ಮೊದಲೇ ಜಾರಿ ಬಿತ್ತು.

"ಹಾಗಾದ್ರೆ... ಮುಚ್ಚಳ ಯಾಕೆ?"

ನಾಳೆಯಣ್ಣನ ಹೆಂಡತಿ ಗಂಡನ ತೋಳಿಂದ ಮಗುವನ್ನು ಇಳಿಸಿ, ಭಾವನವರ ಮುಂದೆ ನಿಲ್ಲಿಸಿದಳು. ಮಗುವಿನ ಕೈಯ ಮೇಲೆ ಸೂಜಿಯ ಕಲೆ ಇನ್ನೂ ನೀಲಿಯಾಗಿತ್ತು. ಮಗು ತಲೆ ಎತ್ತಿ, "ಮಾವ, ನಿಮ್ಮ ಜೇಬು ಚೆನ್ನಾಗಿದೆ" ಅಂದಿತು.

ಭಾವ ಕೂತರು.

"ಅಧ್ಯಕ್ಷರೇ, ಠರಾವನ್ನು ತಿದ್ದಿಸೋಣ್ವಾ?" ಹಿಂದಿನ ಕುರ್ಚಿಯೊಂದು ಪಿಸುಗುಟ್ಟಿತು.

"ನಾನು ಬರೆಸಿದ್ದು ಮನುಷ್ಯರು ವಾಸ ಮಾಡುವ ಜಾಗ ಅಂತ," ಅಂದರು ಮೇಷ್ಟ್ರು, ಕನ್ನಡಕ ಒರೆಸಿಕೊಳ್ಳುತ್ತ. "ಓಣಿ ಅಂತ ಬರೆಸಿಲ್ಲ. ಪೂರ್ಣವಿರಾಮ ಹಾಕಿಯಾಗಿದೆ."

ಮೇಡಂ ಜೀಪು ಹತ್ತಿದರು. "ಐದು ಗಂಟೆ" ಅಂದರು, ಅಷ್ಟೆ. ಆದರೆ ಕರವಸ್ತ್ರದ ಹಿಂದೆ ಅವರು ನಗುತ್ತಿದ್ದರೆಂದು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಪಕ್ಕದೂರಿನ ಅಧ್ಯಕ್ಷರು ಬೈಕಿಳಿದು ಒಳಗೆ ಬಂದು, ನಕ್ಷೆಯ ಆ ಮುಖ ಒಮ್ಮೆ ಈ ಮುಖ ಒಮ್ಮೆ ನೋಡುತ್ತ ಬಹಳ ಹೊತ್ತು ನಿಂತಿದ್ದು ಹೋದರು.

ಅದಾಗಿ ವರ್ಷವಾಯಿತು. ಊರಿನ ರಸ್ತೆಯನ್ನೆಲ್ಲ ಸೀಳಿ, ಪೈಪು ಹಾಕಿ, ಮತ್ತೆ ಹೊಲಿದರು. ಬಾವಿ ಓಣಿಯ ಕೊನೆಯ ಮನೆಯಿಂದ ನೂರು ಹೆಜ್ಜೆಯಾಚೆ, ಭಾವನವರೇ ಖುದ್ದಾಗಿ ನಡೆದು ಅಳೆದ ನೂರು ದೊಡ್ಡ ಹೆಜ್ಜೆಯಾಚೆ, ಮುಚ್ಚಳ ಹೊತ್ತ ತೊಟ್ಟಿ, ಗೋಡೆ, ಎರಡು ಸಾಲು ಗಿಡ ಬಂದಿವೆ. ಸಂಜೆ ಗಾಳಿಗೆ ಗಿರಣಿ ಓಣಿಯವರೂ ಅತ್ತಲೇ ಬರುತ್ತಾರೆ. ಮಗು ಆಸ್ಪತ್ರೆಯ ದಾರಿ ಮರೆತಿದೆ. ನನ್ನ ಪ್ಯಾಂಟೂ ಬಂತು. ಸೊಂಟ ಸಡಿಲವಾಗಿದೆ, ಜಿಪ್ಪು ಇಲ್ಲ. ಅದು, ಕಾರ್ಯದರ್ಶಿಗಳ ಮತ್ತು ಮೇಷ್ಟ್ರ ಪ್ಯಾಂಟಿನ ಜಿಪ್ಪುಗಳ ಜೊತೆ ಸೇರಿ, ಪಂಚಾಯಿತಿ ಗೋಡೆಯ ಮೇಲೆ ಊರಿನ ಮುಖ್ಯ ಪೈಪಾಗಿ ತೂಗುತ್ತಿದೆ.

ಮೊನ್ನೆ ಅದನ್ನೇ ಕೇಳೋಣವೆಂದು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದೆ. ಬೈಕು ಬಂದು ನಿಂತಿತು. ಪಕ್ಕದೂರಿನ ಅಧ್ಯಕ್ಷರು ಕಂಕುಳಿನಿಂದ ಒಂದು ಕಾಗದದ ಸುರುಳಿ ತೆಗೆದರು.

"ನಮ್ಮೂರಿಗೂ ಒಳಚರಂಡಿ ಬಂತು. ಬಟ್ಟೆ ಮೇಲೆ ಒಂದು ನಕ್ಷೆ ಮಾಡಿಕೊಡ್ಬೇಕಲ್ಲ."

ನಾಳೆಯಣ್ಣ ನಾಚಿಕೊಂಡ. "ಈ ಸಲ ತಪ್ಪು ಮಾಡಲ್ಲ ಸಾರ್. ಮೇಲುಮುಖಕ್ಕೇ ಗುರುತು ಹಾಕ್ತೀನಿ."

ಅವರು ಹಿಂದೆ ಮುಂದೆ ನೋಡಿ, ಬಗ್ಗಿ, ದನಿ ಇಳಿಸಿದರು. "ಬೇಡ ಬೇಡ. ಒಳಮುಖಕ್ಕೇ ಇರಲಿ. ನಮ್ಮೂರಲ್ಲೂ ಒಂದು ಗಿರಣಿ ಓಣಿ ಇದೆ."

ನಾಳೆಯಣ್ಣ ಸುರುಳಿಯನ್ನು ತೂಕ ನೋಡುವವನಂತೆ ಕೈಯಲ್ಲಿ ಹಿಡಿದ. ಗಂಭೀರವಾಗಿ ತಲೆಯಾಡಿಸಿದ.

"ನಾಳೆ ಬನ್ನಿ, ಖಂಡಿತ."

ಪರದೆಯ ಹಿಂದಿನಿಂದ ಒಂದು ಕೆಮ್ಮು ಕೇಳಿಸಿತು.

"ಅಲ್ಲ, ಕೂತ್ಕೊಳ್ಳಿ," ಅಂದ ನಾಳೆಯಣ್ಣ, ಕತ್ತರಿಗೆ ಕೈ ಹಾಕುತ್ತ.